ಬೆಂಕಿಪೊಟ್ಟಣ ಹೊತ್ತ ಹೇಸರಗತ್ತೆ

ನಮ್ಮಕ್ಕನ ಮೊಮ್ಮಗಳು ಸೌಮ್ಯಾ ಸೇನೆಯ ಸರಬರಾಜು ವಿಭಾಗಕ್ಕೆ ಆಯ್ಕೆಯಾದ ಸುದ್ದಿ ಬಂದಾಗ ಮನೆಯವರೆಲ್ಲ ಸಂತೋಷಪಟ್ಟರು, ಅಕ್ಕ ಒಬ್ಬಳನ್ನು ಬಿಟ್ಟು. "ಅಕ್ಕಿ ಬೇಳೆ ಅಳೆಯಾಕೆ ಪಟ್ಟಾಳಕ್ಕೆ ಯಾಕೆ ಓಗ್ಬೇಕು? ಕಂಬಂ ಬಜಾರಾಗೆ ಅಂಗಡಿ ಇಲ್ವಾ?" ಎಂದಳು. ಪಟ್ಟಾಳ ಎಂದರೆ ನಮ್ಮ ಕಡೆ ಸೇನೆ. ನನಗೆ ಮೈ ಉರಿಯಿತು. ನಾನು ಇಡೀ ಸೇವೆ ಮಾಡಿದ್ದು ಅದೇ ವಿಭಾಗದಲ್ಲಿ, ಮತ್ತು ಅಕ್ಕ ಇದೇ ಮಾತನ್ನು ಆಗ ನನಗೂ ಅಂದಿದ್ದಳು.

ನಿವೃತ್ತನಾಗಿ ಊರಿಗೆ ಬಂದ ಮೇಲೂ ಇದೇ ಪಾಡು. ಟೀ ಅಂಗಡಿಯಲ್ಲಿ ಕೂತವರು "ಮಾಮಾ, ಎಷ್ಟು ಪೇರನ್ನ ಸುಟ್ರಿ?" ಎಂದು, ಅಂದರೆ ಎಷ್ಟು ಜನಕ್ಕೆ ಗುಂಡು ಹೊಡೆದಿರಿ ಎಂದು, ಕೇಳುತ್ತಾರೆ. "ಒಬ್ರನ್ನೂ ಇಲ್ಲಪ್ಪಾ, ಮೂಟೆ ಕಟ್ಟಿಸ್ದೆ" ಎನ್ನುತ್ತೇನೆ. ಅವರು ಪಾಪ, ದ್ರಾಕ್ಷಿತೋಟದ ಮಾತಿಗೆ ಹೊರಳಿಕೊಳ್ಳುತ್ತಾರೆ. ಮೂಟೆ ಕಟ್ಟುವುದರಲ್ಲಿ ಏನಿದೆ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎದೆಯ ಮೇಲೆ ಏನೇನು ತಗಲಿಸಿದರು ಎನ್ನುವುದು ಇಲ್ಲಿಲ್ಲ. ಅದು ಬೇಕಾದವರು ನಮ್ಮ ಮನೆಯ ಗೋಡೆ ನೋಡಬಹುದು.

ಇನ್ನೊಂದು ಮಾತು. ನಮ್ಮದು ತಮಿಳುನಾಡಿನ ಕಂಬಂ ಕಣಿವೆ; ನಾವು ಮನೆಯಲ್ಲಿ ಕನ್ನಡದವರು, ಶಾಲೆಯಲ್ಲಿ ತಮಿಳಿನವರು. ನನಗೆ ಕನ್ನಡದ ಅಕ್ಷರ ಕಲಿಸಿದವನು ಬ್ಯಾರಕ್ಕಿನಲ್ಲಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಹಾಸನದ ಕಡೆಯ ಜೊತೆಗಾರ. ನನ್ನ ಮಾತು ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಸ್ಲೇಟು ತಂದ. ಇಲ್ಲಿ ತಪ್ಪುಗಳಿದ್ದರೆ ಅವನನ್ನು ಬೈಯಿರಿ. ಸೌಮ್ಯಾಳಿಗೆ ಕನ್ನಡ ಓದಲು ಬರುವುದಿಲ್ಲ, ಯಾರಿಂದಲಾದರೂ ಓದಿಸಿಕೊಳ್ಳಲಿ.

ನನ್ನ ಕಸುಬಿನ ಮೊದಲ ಗುರು ಸೇನೆಯವರಲ್ಲ, ನನ್ನ ಅವ್ವ. ಏಲಕ್ಕಿ ಬಿಡಿಸುವ ಕಾಲಕ್ಕೆ ನಮ್ಮ ಮನೆಯವರು ಬೋಡಿಮೆಟ್ಟು ಘಟ್ಟದ ಮೇಲಿನ ತೋಟಗಳಿಗೆ ಹೋಗಿ ವಾರಗಟ್ಟಲೆ ಅಲ್ಲೇ ಇರುತ್ತಿದ್ದರು. ತೋಟದವರೆಗೆ ರಸ್ತೆಯಿಲ್ಲ. ಬಸ್ಸಿಳಿದು ಸಾಮಾನನ್ನೆಲ್ಲ ತಲೆಯ ಮೇಲೆ ಹೊತ್ತು ಕಾಡಿನ ಕಾಲುದಾರಿ ಹತ್ತಬೇಕು. ಬೇರೆಯವರು ಅಕ್ಕಿಗೊಂದು ಮೂಟೆ, ಬೇಳೆಗೊಂದು, ಉಪ್ಪು ಹುಣಸೆಗೊಂದು ಎಂದು ಕಟ್ಟುತ್ತಿದ್ದರು. ನಮ್ಮ ಮನೆಗಳಲ್ಲಿ ಹಾಗೆ ಕಟ್ಟುವ ಪದ್ಧತಿಯಿಲ್ಲ. ಪ್ರತಿ ಮೂಟೆಯಲ್ಲೂ ಕೊಂಚ ಅಕ್ಕಿ, ಕೊಂಚ ಬೇಳೆ, ಉಪ್ಪು, ಹುಣಸೆ, ಮೆಣಸಿನಕಾಯಿ, ಒಂದು ಬೆಂಕಿಪೊಟ್ಟಣ. ಯಾಕವ್ವಾ ಈ ಕಷ್ಟ ಎಂದರೆ, "ಒಂದ್ ಮೂಟೆ ಅಳ್ಳಕ್ಕೆ ಬಿದ್ರೂ ಸಾಯಂತ್ರ ಒಲೆ ಅತ್ತಬೇಕಲ್ಲ" ಎನ್ನುತ್ತಿದ್ದಳು. ಅಳ್ಳ ಎಂದರೆ ಹಳ್ಳ. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ನಾನು ಅದನ್ನು ಅಡುಗೆಮನೆಯ ವಿಷಯ ಎಂದುಕೊಂಡು ಮರೆತೂಬಿಟ್ಟೆ.

ಸೇನೆಯಲ್ಲಿ ನನ್ನನ್ನು ಹಾಕಿದ್ದು ಉತ್ತರದ ಗಡಿಯಲ್ಲಿ, ಹೇಸರಗತ್ತೆಗಳ ನೆಲೆಯೊಂದಕ್ಕೆ. ಅಲ್ಲಿಂದ ಮೇಲಿನ ಚೌಕಿಗಳಿಗೆ ರಸ್ತೆಯಿರಲಿಲ್ಲ. ಬೇಸಿಗೆಯಲ್ಲಿ ಮಾತ್ರ ಕಣಿವೆ ತೆರೆದಿರುತ್ತದೆ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಇಡೀ ಚಳಿಗಾಲಕ್ಕೆ ಬೇಕಾದ ಹಿಟ್ಟು, ಬೇಳೆ, ಸೀಮೆಎಣ್ಣೆ, ಔಷಧ, ಬ್ಯಾಟರಿ ಎಲ್ಲವನ್ನೂ ಹೇಸರಗತ್ತೆಗಳ ಬೆನ್ನ ಮೇಲೆ ಹೊರಿಸಿ ಮುಟ್ಟಿಸಬೇಕು. ಆಮೇಲೆ ಮೇಲಿದ್ದವರು ಮೇಲೆ, ನಾವು ಕೆಳಗೆ. ವೈರ್‌ಲೆಸ್ಸಿನಲ್ಲಿ ಮಾತಾಡಬಹುದು, ಅಷ್ಟೆ.

ನಮ್ಮ ಹೊರೆಗಳನ್ನು ಕಟ್ಟಿಸುತ್ತಿದ್ದವರು ಸುಬೇದಾರ್ ಬಲ್ಬೀರ್ ಸಿಂಗ್. ಗಂಟಲು ಎಂಥದ್ದೆಂದರೆ, ಅವರು ಕೂಗಿದರೆ ಹೇಸರಗತ್ತೆಗಳೂ ಸಾಲಾಗಿ ನಿಲ್ಲುತ್ತಿದ್ದವು. ಅವರ ಪದ್ಧತಿ ಸೇನೆಯ ಹಳೆಯ ಪದ್ಧತಿ: ಒಂದು ಪ್ರಾಣಿಗೆ ಒಂದೇ ಬಗೆಯ ಸಾಮಾನು. ಇವು ಹಿಟ್ಟಿನವು, ಇವು ಸೀಮೆಎಣ್ಣೆಯವು. ಮೇಲೆ ಒಪ್ಪಿಸುವಾಗ ಸುಲಭ, ಗೊಂದಲವಿಲ್ಲ. ಅದು ಮೂರ್ಖತನವಲ್ಲ, ಚೌಕಿಯಲ್ಲಿ ಬೆರಳು ಸೆಟೆದುಕೊಂಡಿರುವಾಗ ಮೂಟೆ ಬಿಚ್ಚಿ ಬೇರ್ಪಡಿಸುತ್ತ ಕೂರಲು ಯಾರಿಂದಾಗುತ್ತದೆ? ಉಪ್ಪು, ಚಹಾಪುಡಿ, ಮೇಣದಬತ್ತಿ, ಬೆಂಕಿಪೊಟ್ಟಣ ಇಂಥ ಚಿಲ್ಲರೆ ಸಾಮಾನೆಲ್ಲ ಸೇರಿ ಒಂದು ಹಗುರವಾದ ಹೊರೆ. ಹಗುರ ಎಂಬ ಕಾರಣಕ್ಕೆ ಅದನ್ನು ಯಾವಾಗಲೂ ಅತಿ ವಯಸ್ಸಾದ ಪ್ರಾಣಿಗೆ ಹೊರಿಸುತ್ತಿದ್ದರು. ಅದರ ಗೊರಸಿನ ಮೇಲೆ ಒಂದು ಸಂಖ್ಯೆಯಿತ್ತು, ಎಲ್ಲರೂ ಕರೆಯುತ್ತಿದ್ದದ್ದು ಮಾತ್ರ ರಾಣಿ ಎಂದು.

ಆ ವರ್ಷದ ಕೊನೆಯ ಸಾಲು ಅತಿ ಮೇಲಿನ ಚೌಕಿಗೆ ಹೊರಟಾಗ ಆಗಲೇ ಹಿಮ ಉದುರುತ್ತಿತ್ತು. ಕಡಿದಾದ ತಿರುವಿನಲ್ಲಿ ರಾಣಿಯ ಹಿಂಗಾಲು ಜಾರಿತು. ಹಗ್ಗ ಹಿಡಿದಿದ್ದ ಜವಾನ ಬಿಡದೆ ಎಳೆದ; ಇನ್ನೊಬ್ಬ ಅವನ ಸೊಂಟ ಹಿಡಿದು ಹಿಂದಕ್ಕೆಳೆಯದಿದ್ದರೆ ಅವನೂ ಹೋಗುತ್ತಿದ್ದ. ರಾಣಿ ಹೋಯಿತು. ಸಂಜೆ ಅವನು ಊಟ ಮುಟ್ಟಲಿಲ್ಲ. ನಾವೆಲ್ಲ ಪ್ರಾಣಿಗಾಗಿ ಮರುಗಿದೆವು, ಅದರ ಬೆನ್ನ ಮೇಲೆ ಏನಿತ್ತು ಎಂದು ಯಾರೂ ಯೋಚಿಸಲಿಲ್ಲ. ಹಿಟ್ಟು ಮುಟ್ಟಿತು, ಎಣ್ಣೆ ಮುಟ್ಟಿತು, ಹೋದದ್ದು ಚಿಲ್ಲರೆ ಎಂದು ಸಮಾಧಾನಪಟ್ಟುಕೊಂಡೆವು. ಕಣಿವೆ ಮುಚ್ಚಿತು.

ಆ ಚೌಕಿಯ ಮುಖ್ಯಸ್ಥ ಹವಾಲ್ದಾರ್ ಸುರುಳಿ. ಸುರುಳಿ ನಮ್ಮ ಕಡೆಯ ಜಲಪಾತದ ಹೆಸರು; ಕೇಳಿದರೇ ಗೊತ್ತಾಗುತ್ತದೆ, ನಮ್ಮ ಕಣಿವೆಯವನು. ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ. ವೈರ್‌ಲೆಸ್ಸಿನಲ್ಲಿ ನಾವಿಬ್ಬರೂ ಮನೆಮಾತಿನಲ್ಲಿ ಎರಡು ಮಾತಾಡಿದರೆ ಸುಬೇದಾರರು, "ಈ ಗುಪ್ತ ಭಾಷೆಯನ್ನು ಶತ್ರುವೂ ಬಿಡಿಸಲಾರ" ಎಂದು ಗೊಣಗುತ್ತಿದ್ದರು. ಒಂದು ದಿನ ಸುರುಳಿ ಕೇಳಿದ: "ಅಣ್ಣಾ, ಎಲ್ಲಾ ಶೆರಿ, ಆನಾ ತೀಪ್ಪೆಟ್ಟಿ ಎಲ್ಲಿ ಇಟ್ಟಿದ್ದೀರಾ? ಉಡುಕಿ ಉಡುಕಿ ಸಾಕಾಯ್ತು."

ಆನಾ ಎಂದರೆ ಆದರೆ, ತೀಪ್ಪೆಟ್ಟಿ ಎಂದರೆ ಬೆಂಕಿಪೊಟ್ಟಣ. ಅವೆಲ್ಲ ರಾಣಿಯ ಜೊತೆ ಕಮರಿಗೆ ಹೋಗಿದ್ದವು. ಅವರ ಹತ್ತಿರ ಇದ್ದದ್ದು ಜೇಬುಗಳಲ್ಲಿ ಉಳಿದ ಕೆಲವು ಕಡ್ಡಿಗಳು, ಅದರಲ್ಲೂ ಅರ್ಧ ಥಂಡಿ ಹಿಡಿದಂಥವು.

ಹೊಸಬರಿಗೆ ಇಲ್ಲೊಂದು ವಿಷಯ ಹೇಳಬೇಕು. ಅಷ್ಟು ಎತ್ತರದಲ್ಲಿ ಬೆಂಕಿಯಿಲ್ಲ ಎಂದರೆ ಬರೀ ಚಳಿಯಲ್ಲ. ಅಲ್ಲಿ ಹರಿಯುವ ನೀರಿಲ್ಲ. ಹಿಮವನ್ನು ಸ್ಟವ್ ಮೇಲೆ ಕರಗಿಸಿದರೇ ನೀರು. ಬೆಂಕಿ ಹೋದರೆ ಮೊದಲು ಹೋಗುವುದು ಕುಡಿಯುವ ನೀರು. ಬರೀ ಹಿಮ ತಿಂದರೆ ಮೈ ಒಳಗಿನಿಂದ ತಣ್ಣಗಾಗುತ್ತ ಬರುತ್ತದೆ, ಬಾಯಾರಿಕೆ ಇಂಗುವುದಿಲ್ಲ. ಸುತ್ತ ಮುಗಿಯದಷ್ಟು ಹಿಮ, ಪೀಪಾಯಿ ತುಂಬ ಸೀಮೆಎಣ್ಣೆ, ಗೂಡು ತುಂಬ ಹಿಟ್ಟು ಇಟ್ಟುಕೊಂಡು ಆ ಜವಾನರು ನೀರಿಲ್ಲದೆ ಸಾಯಬಹುದಿತ್ತು. ನಾವು ಚಿಲ್ಲರೆ ಎಂದು ಕರೆದದ್ದು ಇದನ್ನು.

ಸುರುಳಿ ಗಾಬರಿಯಾಗುವ ಆಸಾಮಿಯಲ್ಲ. ಉಳಿದ ಕಡ್ಡಿಗಳಿಂದ ಒಂದು ಲಾಂದ್ರ ಹಚ್ಚಿದ. ಇನ್ನು ಇದು ಆರಕೂಡದು ಎಂದು ಆಜ್ಞೆ ಮಾಡಿದ. ಗಡಿಯ ಕಾವಲಿಗೆ ಒಬ್ಬ ನಿಂತ ಹಾಗೆಯೇ ದೀಪದ ಕಾವಲಿಗೂ ಸರದಿಯಲ್ಲಿ ಒಬ್ಬ. ಎಣ್ಣೆ ನೋಡುವುದು, ಬತ್ತಿ ನೋಡುವುದು, ಬಾಗಿಲು ತೆರೆದರೆ ಕೈ ಅಡ್ಡ ಹಿಡಿಯುವುದು. ಸ್ಟವ್ ಹಚ್ಚಬೇಕಾದಾಗಲೆಲ್ಲ ಆ ದೀಪದಿಂದಲೇ.

ಕೆಳಗೆ ನಮಗೆ ಅದೊಂದೇ ಧ್ಯಾನವಾಯಿತು. ಬೆಳಗ್ಗೆ ವೈರ್‌ಲೆಸ್ ತೆರೆದ ಕೂಡಲೇ ಸುರುಳಿ "ದೀಪ ಇದೆ ಅಣ್ಣಾ" ಎನ್ನುತ್ತಿದ್ದ. ಪಕ್ಕದಲ್ಲಿ ನಿಂತ ಬಲ್ಬೀರ್ ಸಿಂಗ್ "ಕ್ಯಾ ಬೋಲಾ? ಕ್ಯಾ ಬೋಲಾ?" ಎಂದು ನನ್ನ ತೋಳು ಜಗ್ಗುತ್ತಿದ್ದರು. ಕೆಲವು ದಿನಗಳಲ್ಲಿ ಅವರಿಗೇ ಆ ಮಾತು ಬಾಯಿಪಾಠವಾಗಿ, ನಾನು ಹೇಳುವ ಮೊದಲೇ "ದೀಪ ಇದೆ, ದೀಪ ಇದೆ" ಎಂದು ಅಂಗಳದವರಿಗೆಲ್ಲ ಕೂಗಿ ಹೇಳುತ್ತಿದ್ದರು.

ನಮ್ಮ ಮೇಲಧಿಕಾರಿ ಮೇಜರ್ ಬರುವಾ ಹೆಲಿಕಾಪ್ಟರ್ ಕೇಳಿದರು. ಮೋಡ ಬಿಡಲಿಲ್ಲ. ಕೊನೆಗೂ ಒಂದು ಮಧ್ಯಾಹ್ನ ಆಕಾಶ ತೆರೆಯಿತು. ಅಲ್ಲಿ ಇಳಿಯಲು ಜಾಗವಿಲ್ಲ, ಮೇಲಿನಿಂದ ಚೀಲ ಎಸೆಯಬೇಕು. ಬೆಂಕಿಪೊಟ್ಟಣಗಳನ್ನೆಲ್ಲ ಜೋಪಾನವಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದು ಗಟ್ಟಿ ಚೀಲದಲ್ಲಿ ತುಂಬಿ, ಮೇಲೆ ಕೆಂಪು ಬಟ್ಟೆ ಕಟ್ಟಿ ಕಳಿಸಿದೆವು. ಜೊತೆಗೆ ಬೇರೆ ಚೀಲಗಳಲ್ಲಿ ಬಿಸ್ಕತ್ತು, ಔಷಧ. ಬಿಸ್ಕತ್ತು ಚೌಕಿಯ ಬಾಗಿಲಿಗೇ ಬಿತ್ತು. ಕೆಂಪು ಬಟ್ಟೆಯ ಚೀಲ ಇಳಿಜಾರಿನಲ್ಲಿ ಪುಟಿದು, ಸುರುಳಿ ನೋಡುತ್ತಿದ್ದಂತೆಯೇ ಕಮರಿಗೆ ಉರುಳಿತು.

ಅದಾದ ಮೂರನೆಯ ಬೆಳಗ್ಗೆ ವೈರ್‌ಲೆಸ್ಸಿನಲ್ಲಿ ಎಂದಿನ ಮಾತು ಬರಲಿಲ್ಲ. ಸುರುಳಿ ಹೇಳಿದ: "ಅಣ್ಣಾ, ದೀಪ ಓಯ್ತು."

"ಎಂಗೋ?"

"ಕಾವಲಿನವ್ನು ಒಳಕ್ಕೆ ಬಂದ. ಗಾಳಿ ಒಡೀತು. ನಾನೇ ಕೂತಿದ್ದೆ ಅಣ್ಣಾ, ಕೈ ಅಡ್ಡ ಇಡ್ದೆ. ಆನಾ ಆರೋಯ್ತು." ಮತ್ತೆ, "ಉಡುಗ್ರ ಮುಕ ನೋಡಾಕೆ ಆಯ್ತಿಲ್ಲ" ಎಂದ.

ಸುಬೇದಾರರು ನನ್ನ ತೋಳು ಜಗ್ಗಲಿಲ್ಲ. ಭಾಷೆ ತಿಳಿಯದಿದ್ದರೂ ದನಿ ತಿಳಿದಿತ್ತು.

ಮೇಲೆ ಅವರು ಮಾಡದ ಪ್ರಯತ್ನವಿಲ್ಲ. ಬ್ಯಾಟರಿಯ ತಂತಿ ತಾಗಿಸಿ ಕಿಡಿ ಎಬ್ಬಿಸಿದರು. ಆ ಚಳಿಗೆ ಸೀಮೆಎಣ್ಣೆ ಹತ್ತಲಿಲ್ಲ. ಬಟ್ಟೆಯ ನೂಲು ಹಿಂಜಿ ಇಟ್ಟರು, ಕಮರಿತು, ಉರಿಯಲಿಲ್ಲ. ಬ್ಯಾಟರಿ ಸೋತರೆ ಮಾತೂ ನಿಂತುಹೋಗುತ್ತದೆ ಎಂದು ಮೇಜರ್ ಅದನ್ನು ನಿಲ್ಲಿಸಿದರು. ಹಿಮವನ್ನು ನೀರಿನ ಬಾಟಲಿಗೆ ತುಂಬಿ ಅಂಗಿಯೊಳಗೆ ಮೈಗಾನಿಸಿ ಇಟ್ಟುಕೊಂಡು, ಕರಗಿದ ಗುಟುಕನ್ನು ಹಂಚಿಕೊಂಡರಂತೆ. ಇಬ್ಬರು ಎದ್ದು ಕೂರಲಾರದಂತಾದರು.

ಇಲ್ಲಿ ಕೆಳಗೆ ನಾವು ಮತ್ತೆ ಚೀಲ ಕಟ್ಟುತ್ತಿದ್ದೆವು. ಈ ಸಲ ಇನ್ನೂ ದಪ್ಪ ಚೀಲ, ಒಳಗೆ ಹುಲ್ಲು, ಮೇಲೆ ದೊಡ್ಡ ಬಟ್ಟೆ. ಹೊಲಿಗೆ ಹಾಕುತ್ತಿದ್ದವನು ನಾನೇ. ಸೂಜಿ ಎಳೆಯುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಬೋಡಿಮೆಟ್ಟಿನ ಕಾಲುದಾರಿಯೂ ಮುಂದೆ ಹೋಗುತ್ತಿದ್ದ ಅವ್ವನೂ ಕಣ್ಣಿಗೆ ಕಟ್ಟಿದರು. ಸಿಟ್ಟು ಬಂತು. ನನ್ನ ಮೇಲೋ ಚೀಲದ ಮೇಲೋ ಗೊತ್ತಿಲ್ಲ, ಹೊಲಿಗೆಯನ್ನೆಲ್ಲ ಪರಪರ ಕಿತ್ತುಹಾಕಿದೆ.

"ಹುಚ್ಚು ಹಿಡಿಯಿತೇನೋ ಮದ್ರಾಸಿ?" ಎಂದರು ಸುಬೇದಾರರು.

"ಸಾಹೇಬರೇ, ಮತ್ತೆ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇವೆ. ಚೀಲ ಗಟ್ಟಿಯಾದರೆ ಕಮರಿ ಬಿಡುತ್ತದೆಯೇ?"

ಮೇಜರ್ ಬರುವಾ ಅಲ್ಲೇ ನಿಂತಿದ್ದರು. ಅವ್ವನ ಮೂಟೆಯ ವಿಷಯ ಹೇಳಿದೆ. ಅವರು ನಗಲಿಲ್ಲ. "ಸರಿ, ಪ್ರತಿ ಚೀಲದಲ್ಲೂ ಹಾಕೋಣ. ಆದರೆ ಬರೀ ಕಡ್ಡಿ ಯಾಕೆ? ಚೀಲ ಸಿಕ್ಕಿದವನ ಕೈ ಆಗಲೇ ಮರಗಟ್ಟಿರುತ್ತದೆ. ಕಡ್ಡಿ, ಮೇಣದಬತ್ತಿ, ಗಂಟಲು ನೆನೆಸಲು ಏನಾದರೂ, ಮೂರೂ ಒಟ್ಟಿಗಿರಲಿ. ಚೀಲಗಳನ್ನು ಒಂದೇ ಸಲ ಎಸೆಯುವುದು ಬೇಡ, ಬೇರೆಬೇರೆ ಕಡೆ ಬೀಳಲಿ" ಎಂದರು. ಅದು ನನಗೆ ಹೊಳೆದಿರಲಿಲ್ಲ. ಎಲ್ಲರೂ ಕೂತು ಸಣ್ಣಸಣ್ಣ ಚೀಲ ಕಟ್ಟಿದೆವು. ಸುಬೇದಾರರು ಸಾಲದೆಂದು ಬ್ರೆಡ್ಡಿನ ಪೊಟ್ಟಣದೊಳಗೂ, ಕಂಬಳಿಯ ಮಡಿಕೆಯೊಳಗೂ, ಔಷಧದ ಡಬ್ಬಿಯೊಳಗೂ ಬೆಂಕಿಪೊಟ್ಟಣ ತುರುಕಿದರು. ತುರುಕುತ್ತಲೇ ಇದ್ದರು.

ಮರುದಿನ ಮೋಡ ಒಂದು ಗಳಿಗೆ ಸರಿಯಿತು. ಹೆಲಿಕಾಪ್ಟರ್ ಹೋಗಿ ಬಂತು. ಅರ್ಧಕ್ಕರ್ಧ ಚೀಲ ಕಮರಿ ಪಾಲಾದವು ಎಂದು ಪೈಲಟ್ ಹೇಳಿದ. ನಾವು ವೈರ್‌ಲೆಸ್ ಸುತ್ತ ನಿಂತೆವು. ಕೂಗಿದೆವು. ಉತ್ತರವಿಲ್ಲ. ಮತ್ತೆ ಕೂಗಿದೆವು. ಬಹಳ ಹೊತ್ತಿನ ಮೇಲೆ ಸುರುಳಿಯ ದನಿ, ಒಡೆದ ದನಿ, ಬಂತು.

"ನೀರ್ ಕುಡ್ದ್ವಿ ಅಣ್ಣಾ."

ಬೆಂಕಿ ಹತ್ತಿತು ಎನ್ನಲಿಲ್ಲ. ನೀರು ಕುಡಿದೆವು ಎಂದ. ನಾನು ಅದನ್ನು ಹಿಂದಿಯಲ್ಲಿ ಹೇಳಲು ತಿರುಗಿದೆ. ಬಲ್ಬೀರ್ ಸಿಂಗರು ನನ್ನ ಮುಖ ನೋಡಿ ತಾವೇ ಅರ್ಥ ಮಾಡಿಕೊಂಡು, ಹೊರಗೆ ಹೋಗಿ ಹೇಸರಗತ್ತೆಗಳನ್ನು ಸುಮ್ಮಸುಮ್ಮನೆ ಬೈಯತೊಡಗಿದರು.

ಮುಂದಿನ ಬೇಸಿಗೆಗೆ ಇಡೀ ಹೊರೆಯನ್ನೇ ಅವ್ವನ ರೀತಿಯಲ್ಲಿ ಕಟ್ಟುವುದೆಂದಾಯಿತು. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ. ಪ್ರತಿ ಪ್ರಾಣಿಯ ಮೇಲೂ ಹಿಟ್ಟು, ಬೇಳೆ, ಉಪ್ಪು, ಬೆಂಕಿಪೊಟ್ಟಣ, ಒಂದು ಡಬ್ಬ ಸೀಮೆಎಣ್ಣೆ. ನಮ್ಮ ಮೂಟೆಗಳಲ್ಲಿ ಅವ್ವ ಒಳ್ಳೆಣ್ಣೆಯ ಕುಡಿಕೆಯನ್ನು ಅಕ್ಕಿಯ ನಡುವೆ ಹುದುಗಿಸುತ್ತಿದ್ದಳು, ಒಡೆಯಬಾರದೆಂದು. ಸೋರಿದರೂ ಅಕ್ಕಿಗೆ ಎಳ್ಳಿನ ಘಮ. ನಾನೂ ಹಾಗೆಯೇ ಡಬ್ಬವನ್ನು ಹಿಟ್ಟಿನ ನಡುವೆ ಹುದುಗಿಸಿದೆ. ಸೀಮೆಎಣ್ಣೆ ಒಳ್ಳೆಣ್ಣೆಯಲ್ಲ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ! ಮೊದಲೆಲ್ಲ ಸೋರಿದರೆ ಒಂದು ಹೊರೆ ಹಾಳಾಗುತ್ತಿತ್ತು. ಈಗ ಎಲ್ಲ ಹೊರೆಗಳಿಗೂ ಸಮಪಾಲು. ಪುಣ್ಯಕ್ಕೆ ಅದು ಆ ಬೇಸಿಗೆಯ ಮೊದಲ ಸಾಲು, ಹಿಟ್ಟನ್ನು ಮತ್ತೆ ಕಳಿಸಲು ಕಾಲವಿತ್ತು. ಚೌಕಿಯವರು ಸೀಮೆಎಣ್ಣೆ ನಾರುವ ಆ ಹಿಟ್ಟಿನದೇ ಒಂದು ರೊಟ್ಟಿ ಸುಟ್ಟು ಕಾಗದದಲ್ಲಿ ಸುತ್ತಿ ನನಗೆಂದೇ ಕಳಿಸಿಕೊಟ್ಟರು. ಸುಬೇದಾರರು ಅದನ್ನು ಎಲ್ಲರೆದುರು ನನಗೆ ತಿನ್ನಿಸಿ, "ನಿನ್ನ ತಾಯಿಗೆ ನಮಸ್ಕಾರ ಹೇಳು, ಆದರೆ ಅವರ ಅಡುಗೆ ನೀನು ಮಾಡಬೇಡ" ಎಂದರು. ಆಮೇಲೆ ಎಣ್ಣೆ ಹೊರಮಗ್ಗುಲಿಗೆ, ಊಟದ್ದು ಒಳಮಗ್ಗುಲಿಗೆ ಎಂದು ಸರಿಮಾಡಿದೆವು. ಒಪ್ಪಿಸುವವರಿಗೆ ಎಣಿಸುವುದು ಕಷ್ಟವಾಯಿತು, ಮೇಲಧಿಕಾರಿಗಳಲ್ಲಿ ಕೆಲವರು ಗೊಣಗಿದರು. ಮೇಜರ್ ಬರುವಾ ಗೊಣಗಾಟವನ್ನೆಲ್ಲ ತಾವೇ ಕೇಳಿಸಿಕೊಂಡರು, ನಮ್ಮವರೆಗೆ ಬರಲು ಬಿಡಲಿಲ್ಲ.

ನಾನು ಬಿಡುವ ಹೊತ್ತಿಗೆ ಅಲ್ಲಿಗೆ ಅರ್ಧ ದಾರಿ ರಸ್ತೆ ಬಂದಿತ್ತು. ಈಗ ಡ್ರೋನುಗಳು ಹೊರೆ ಹೊತ್ತು ಹಾರುತ್ತವಂತೆ. ಒಳ್ಳೆಯದೇ, ರಾಣಿಯಂಥ ಪ್ರಾಣಿಗಳು ಸಾಯುವುದು ತಪ್ಪಿತು. ಸೌಮ್ಯಾ ಫೋನಿನಲ್ಲಿ, "ತಾತಾ, ಈಗ ಎಲ್ಲಾ ಕಂಪ್ಯೂಟರೇ ಲೆಕ್ಕ ಆಕ್ತದೆ" ಎಂದಳು. ಹಾಕಲಮ್ಮಾ. ಆದರೆ ಪರದೆಯ ಮೇಲೆ ಯಾವುದೋ ಸಾಮಾನು ಕೊನೆಯ ಸಾಲಿನಲ್ಲಿ, ಸಣ್ಣಕ್ಷರದಲ್ಲಿ ಇದ್ದರೆ ಅದು ಸಣ್ಣದೆಂದು ತಿಳಿಯಬೇಡ. ಅದು ಮುಟ್ಟದಿದ್ದರೆ ಮೇಲಿರುವವನ ಮುಂದಿನ ಬೆಳಗು ಹೇಗಿರುತ್ತದೆ ಎಂದು ಒಂದು ಗಳಿಗೆ ಕೂತು ಯೋಚಿಸು. ಅಷ್ಟು ಹೇಳುವುದಕ್ಕೆ ಇಷ್ಟು ಬರೆದೆ.

ಹೋದ ವರ್ಷ ಸುರುಳಿಯ ಮಗಳ ಮದುವೆ ದಿಂಡಿಗಲ್ಲಿನಲ್ಲಿ ನಡೆಯಿತು. ಸೇವೆ ಬಿಟ್ಟ ಮೇಲೆ ನಾವು ಭೇಟಿಯಾಗಿದ್ದು ಕಡಿಮೆ. ದೊಡ್ಡ ಛತ್ರ, ನಿಲಕ್ಕೋಟ್ಟೈಯಿಂದ ತಂದ ಮಲ್ಲಿಗೆಯ ರಾಶಿ, ತಲೆಯ ಮೇಲೆ ಗಿರ್ರೆಂದು ತಿರುಗುವ ಫ್ಯಾನುಗಳು. ಮುಹೂರ್ತಕ್ಕೆ ಮೊದಲು ಎತ್ತರದ ಹಿತ್ತಾಳೆಯ ಕುತ್ತುದೀಪ ಹಚ್ಚಬೇಕಿತ್ತು. ಸುರುಳಿಯ ಹೆಂಡತಿ ಕೈಚಾಚಿದ್ದೇ ತಡ, ಸುರುಳಿ ಹೊಸ ಪಂಚೆಯ ಸೊಂಟದಿಂದ ಬೆಂಕಿಪೊಟ್ಟಣ ತೆಗೆದ. ಬೀಡಿ ಸಿಗರೇಟು ಎಂದೂ ಮುಟ್ಟದ ಮನುಷ್ಯ. ಆಕೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಂಗಿ ಅಂಗಿನಾಗೂ ಇರ್ತದೆ ಅಣ್ಣಾ. ಒಗೆಯಾಕೆ ಮುಂಚೆ ತೆಗೆಯೋದೇ ನಂಗೆ ಒಂದು ವೇಲೆ. ಯಾಕೆ ಅಂದ್ರೆ ಏಳಲ್ಲ" ಎಂದಳು. ವೇಲೆ ಎಂದರೆ ಕೆಲಸ.

ಅವನು ದೀಪ ಹಚ್ಚಿದ. ಫ್ಯಾನಿನ ಗಾಳಿಗೆ ಜ್ವಾಲೆ ಒಮ್ಮೆ ಬಗ್ಗಿತು. ಸುರುಳಿ ತಟ್ಟನೆ ಎರಡೂ ಕೈ ಅಡ್ಡ ಹಿಡಿದು ನಿಂತುಬಿಟ್ಟ. ಫೋಟೊದವನು "ಸಾರ್, ಕೊಂಜ ತಳ್ಳಿ" ಎಂದು ಸರಿದು ನಿಲ್ಲಲು ಹೇಳಿದ, ಪುರೋಹಿತರು ಕರೆದರು, ಮಗಳು "ಅಪ್ಪಾ, ಬಾ" ಎಂದಳು. ಅವನಿಗೆ ಕೇಳಿಸುತ್ತಿರಲಿಲ್ಲ. ಮದುವೆಮನೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಎದ್ದು ಹೋಗಿ ದೀಪದ ಇನ್ನೊಂದು ಮಗ್ಗುಲಲ್ಲಿ ನಿಂತು ಕೈ ಅಡ್ಡ ಹಿಡಿದೆ. "ನೀನು ಓಗು ಸುರುಳಿ, ಕೂಸನ್ನ ದಾರೆ ಎರ್ದು ಕೊಡು. ನಾನು ನೋಡ್ಕೋತೀನಿ" ಎಂದೆ. ಅವನು ನನ್ನನ್ನು ನೋಡಿದ, ದೀಪವನ್ನು ನೋಡಿದ. ಆಮೇಲೆ ಒಂದೊಂದಾಗಿ ಕೈ ತೆಗೆದು ಮಗಳ ಹತ್ತಿರ ಹೋದ.